ಬಾಗಿಲು ಹಾಕಿದವನು ನಾನೇ

ಬೀದಿಯವರು ಅವನಿಗೆ ಇಟ್ಟ ಹೆಸರು ಅನುಮಾನದ ಮೇಸ್ತ್ರಿ. ಎದುರಿಗೆ ಬರೀ ಮೇಸ್ತ್ರಿ. ಬೆನ್ನು ತಿರುಗಿಸಿದ ಕೂಡಲೇ ಹಿಂದಿನಿಂದ ಅನುಮಾನ ಸೇರಿಕೊಳ್ಳುತ್ತಿತ್ತು. ಹೀಗೆ ಕರೆಯುತ್ತಾರೆಂದು ಅವನಿಗೆ ಯಾರೂ ಹೇಳಿರಲಿಲ್ಲ, ಆದರೆ ಅನುಮಾನವಂತೂ ಇತ್ತು.

ಬಡಗಿ ಕೆಲಸ, ಬಾಗಿಲು ಕೂರಿಸುವುದರಲ್ಲಿ ಎತ್ತಿದ ಕೈ. ಮರದ ಅಂಗಡಿಯವನು ಚೆನ್ನಾಗಿ ಒಣಗಿದೆ ಎಂದರೆ ಮೂಸಿ ನೋಡುವನು, ಮೂಸಿದ ಮೇಲೆ ತಟ್ಟಿ ನೋಡುವನು, ತಟ್ಟಿದ ಮೇಲೂ ‘ನೋಡೋಣ’ ಎನ್ನುವನು. ದಾರಿಯಲ್ಲಿ ಯಾರಾದರೂ ನಮಸ್ಕಾರ ಹೇಳಿದರೆ ಇವನಿಗೇನೋ ಬೇಕಾಗಿದೆ. ಹೇಳದೆ ಹೋದರೆ ಇವನೇನೋ ಮಾಡಿಕೊಂಡಿದ್ದಾನೆ. ಹೆಂಡತಿ ಒಲೆ ಆರಿಸಿದೆ ಎಂದರೆ ತಾನೇ ಹೋಗಿ ಮುಟ್ಟಿ ನೋಡುವನು. ಬೆರಳು ಸುಟ್ಟುಕೊಂಡು ಬಂದಾಗಲೂ ಆರಿಸಿದ್ದು ಯಾವಾಗ ಎಂದು ವಿಚಾರಣೆ ನಡೆಸುವನು. ‘ನಮ್ಮ ಮದುವೆ ಆಗಿದೆ ಅನ್ನೋದ್ರ ಮೇಲಾದ್ರೂ ನಿಮಗೆ ಅನುಮಾನ ಇಲ್ವಲ್ಲ, ಅಷ್ಟೇ ನನ್ನ ಪುಣ್ಯ’ ಎಂದು ಅವಳು ನಗುತ್ತಿದ್ದಳು. ಎಲ್ಲ ದಿನವೂ ನಗುತ್ತಿರಲಿಲ್ಲ.

ಅಂಥ ಮನುಷ್ಯನಿಗೆ ಗಂಟಲು ಕೈಕೊಟ್ಟಿತು. ಮೊದಲು ಸ್ವರ ಒಡೆಯಿತು, ಆಮೇಲೆ ಉಗುಳು ನುಂಗುವುದೂ ಕಷ್ಟವಾಯಿತು. ಔಷಧಿ ಅಂಗಡಿಯವನು ಹಳೇ ಮಾತ್ರೆ ದಾಟಿಸಿದ್ದಾನೆ ಎಂದು ಮೇಸ್ತ್ರಿ ಬಹಳ ದಿನ ನಂಬಿದ್ದ. ಕೊನೆಗೆ ಡಾಕ್ಟರು ಗಂಟಲಿಗೆ ಬೆಳಕು ಬಿಟ್ಟು ನೋಡಿ, ಸುತ್ತಿ ಬಳಸದೆ ಹೇಳಿದರು: ಒಳಗೆ ಗಡ್ಡೆ ಇದೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು. ಬೇಗ ಮಾಡಿದರೆ ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ. ಮೇಸ್ತ್ರಿ ಆ ಕಾಗದಗಳನ್ನು ಬಚ್ಚಿಟ್ಟು ಇನ್ನೊಬ್ಬ ಡಾಕ್ಟರ ಹತ್ತಿರ ಹೋದ. ಅವರೂ ಅದನ್ನೇ ಹೇಳಿದರು. ಇಬ್ಬರೂ ಒಂದೇ ಕಾಲೇಜಿನಲ್ಲಿ ಓದಿರಬೇಕು ಎಂದುಕೊಂಡು ಮನೆಗೆ ಬಂದ. ಆವತ್ತು ಅಡುಗೆಮನೆಯಲ್ಲಿ ನಲ್ಲಿ ಬಹಳ ಹೊತ್ತು ಸುರಿಯುತ್ತಲೇ ಇತ್ತು. ಇಷ್ಟು ನೀರು ಯಾಕೆ ಬಿಟ್ಟಿದ್ದಾಳೆ ಎಂದು ಅನುಮಾನದಿಂದ ಒಳಗೆ ಹೋದವನು ಬಿಕ್ಕಿ ಅಲುಗುತ್ತಿದ್ದ ಅವಳ ಬೆನ್ನು ನೋಡಿದ, ವಾಪಸು ಬಂದ.

ಅಂದಿನಿಂದ ಅವಳು ಗಂಡನ ಮಾತನ್ನು ಕಾಯತೊಡಗಿದಳು. ತರಕಾರಿಯವನ ಜೊತೆ ಜಗಳಕ್ಕೆ ಇಳಿದರೆ ಕೈ ಹಿಡಿದು ಒಳಗೆ ಎಳೆಯುವಳು. ‘ಇರೋ ನಾಲ್ಕು ಮಾತು ಅವನಿಗ್ಯಾಕೆ ದಂಡ? ಉಳಿಸ್ಕೊಳ್ಳಿ’ ಎನ್ನುವಳು. ಯಾರಿಗಾಗಿ ಉಳಿಸಬೇಕು ಎಂದು ಅವಳು ಹೇಳಲಿಲ್ಲ. ಅವನು ಕೇಳಲೂ ಇಲ್ಲ.

ಈ ಹೊತ್ತಿಗೆ ಸರಿಯಾಗಿ ರಟ್ಟಕ್ಕ ಬಂದಳು. ಬೀದಿಯ ಕೊನೆಯಲ್ಲಿ, ದೊಡ್ಡ ಕಟ್ಟಡದ ಹಿಂದೆ, ಪುಸ್ತಕಗಳಿಗೆ ರಟ್ಟು ಕಟ್ಟುವ ಕಾರ್ಖಾನೆ ಅವಳದು. ಮಾವ ಶುರು ಮಾಡಿದ್ದು, ಈಗ ಅವಳು ನಡೆಸುತ್ತಿದ್ದಳು. ಗುಟ್ಟು ಹೇಳಿದರೆ ರಟ್ಟು ಮಾಡುವವಳು ಎಂದು ಮೇಸ್ತ್ರಿ ಅವಳ ಹೆಸರಿನ ಮೇಲೇ ಅನುಮಾನ ಇಟ್ಟುಕೊಂಡಿದ್ದ. ಇಬ್ಬರಿಗೂ ಅಷ್ಟಕ್ಕಷ್ಟೆ.

‘ಮೇಸ್ತ್ರಿಗಳೇ, ಆ ಸಂದಿಯ ಬಾಗಿಲು ನೆನಪಿದೆಯಾ?’ ಎಂದಳು.

ನೆನಪಿಲ್ಲದೆ ಏನು. ಮುಂದಿನ ಕಟ್ಟಡಕ್ಕೂ ಪಕ್ಕದ ಗೋಡೆಗೂ ನಡುವೆ ಒಂದು ಸಂದಿ. ಆ ಸಂದಿಯ ಕೊನೆಯ ಗೋಡೆಯಲ್ಲಿ ಒಂದು ಬಾಗಿಲು. ಕಾಗದದ ಹೊರೆ ಬರುವುದು, ಕಟ್ಟಿದ ಪುಸ್ತಕ ಹೋಗುವುದು, ಕೆಲಸದ ಹೆಂಗಸರು ಬಂದು ಹೋಗುವುದು, ಎಲ್ಲ ಅದರಿಂದಲೇ. ಬೇರೆ ದಾರಿ ಎಂದರೆ ಹಿಂದಿನ ಚರಂಡಿಯ ಅಂಚು. ಅಲ್ಲಿ ಕೈಗಾಡಿ ಹೋಗದು. ಈಗ ಮುಂದಿನ ಕಟ್ಟಡವನ್ನು ಹೊಸಬನೊಬ್ಬ ಕೊಂಡಿದ್ದ. ಆ ಬಾಗಿಲು ತನ್ನದು, ಮೊದಲಿನಿಂದಲೂ ಮುಚ್ಚಿಯೇ ಇತ್ತು, ಇವರು ಇತ್ತೀಚೆಗೆ ಕದ್ದುಮುಚ್ಚಿ ಓಡಾಡುತ್ತಿದ್ದಾರೆ, ಗೋಡೆ ಕಟ್ಟಿಸುತ್ತೇನೆ ಎನ್ನುತ್ತಿದ್ದ. ರಟ್ಟಕ್ಕ ದಾವೆ ಹೂಡಿದ್ದಳು. ಬಾಗಿಲು ಹೋದರೆ ಕಾರ್ಖಾನೆಯೂ ಹೋದ ಹಾಗೆ. ಆ ಕಟ್ಟಡದ ಮೊದಲಿನ ಯಜಮಾನಿ, ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದವರು, ಬಾಯಿಮಾತಿನಲ್ಲಿ ದಾರಿ ಕೊಟ್ಟು, ತಾವೇ ನಿಂತು ಬಾಗಿಲು ಮಾಡಿಸಿದ್ದರು. ದೊಡ್ಡಮ್ಮ ಈಗಿಲ್ಲ, ರಟ್ಟಕ್ಕನ ಮಾವ ಇಲ್ಲ. ಕಂಡವನು, ಕೇಳಿದವನು, ಮಾಡಿದವನು ಮೇಸ್ತ್ರಿ ಒಬ್ಬನೇ.

ಮೇಸ್ತ್ರಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ‘ಇಷ್ಟು ದಿನ ಇಲ್ಲದ್ದು ಈಗ ಬಂದೆ. ನನ್ನ ಗಂಟಲು ಹೋಗುತ್ತೆ ಅಂತ ಗೊತ್ತಾಗಿ ಬಂದ್ಯಾ?’

‘ಹೌದು’ ಎಂದಳು ರಟ್ಟಕ್ಕ, ಕಡ್ಡಿ ಮುರಿದ ಹಾಗೆ. ‘ವಿಚಾರಣೆ ಶುರುವಾಗೋದು ಯಾವ ಕಾಲಕ್ಕೋ. ಅಷ್ಟರಲ್ಲಿ ನಿಮಗೆ ಮಾತೇ ಇರಲ್ಲ. ನಿಮಗೆ ಬರೆಯೋಕೂ ಬರಲ್ಲ. ಅದಕ್ಕೇ ಓಡಿ ಬಂದೆ.’

ಮೇಸ್ತ್ರಿ ತಬ್ಬಿಬ್ಬಾದ. ಗಂಟಲಿನ ಸುದ್ದಿ ಹಬ್ಬಿದ ಮೇಲೆ ಮನೆಗೆ ಬಂದವರೆಲ್ಲ ಹವಾಮಾನದ ಬಗ್ಗೆ ಮಾತಾಡಿ ಹೋಗುತ್ತಿದ್ದರು. ಮುಖಕ್ಕೆ ಮುಖ ಕೊಟ್ಟು ಹೌದೆಂದವಳು ಇವಳೊಬ್ಬಳೇ. ಅವಳ ಮೇಲಿನ ಅನುಮಾನ ಪೂರ್ತಿ ಹೋಗಲಿಲ್ಲ, ಆದರೆ ಆಗಲಿ ಎಂದುಬಿಟ್ಟ. ಸಹಿ ಒಂದು ಬಿಟ್ಟರೆ ಅವನಿಗೆ ಅಕ್ಷರ ಬಾರದು ಎನ್ನುವುದೂ ನಿಜವೇ.

ರಟ್ಟಕ್ಕನ ವಕೀಲರು ಕೋರ್ಟಿಗೆ ಅರ್ಜಿ ಕೊಟ್ಟರು. ವಿಚಾರಣೆಗೆ ಮೊದಲೇ ಈ ಸಾಕ್ಷಿಯ ಹೇಳಿಕೆ ಬರೆಸಿ ಇಡಬೇಕು, ಆಮೇಲೆ ಕೇಳಿದರೂ ಸಿಗುವುದಿಲ್ಲ ಎಂದು. ಕೋರ್ಟು ಒಪ್ಪಿತು. ಕೋರ್ಟಿನ ಪರವಾಗಿ ಮನೆಗೇ ಬಂದು ಬರೆದುಕೊಳ್ಳಲು ಒಬ್ಬ ವಕೀಲೆಯನ್ನು ಕಮಿಷನರ್ ಎಂದು ನೇಮಿಸಿತು. ಎರಡೂ ಕಡೆಯ ವಕೀಲರು ಅವರ ಎದುರಿಗೇ ಪ್ರಶ್ನೆ ಕೇಳಬೇಕು.

ಅದಕ್ಕೆ ಮೊದಲು ಇನ್ನೊಂದು ನಡೆಯಿತು. ಯಾರೋ ಒಬ್ಬ ಹಲ್ಲು ಕಿರಿಯುತ್ತಾ ಬಂದು, ಮುಂದಿನ ಕಟ್ಟಡಕ್ಕೆ ಕಪಾಟು ಮಾಡಿಸುವುದಿದೆ, ದೊಡ್ಡ ಕೆಲಸ, ನಿಮ್ಮಂಥ ಕೈ ಬೇರೆ ಇಲ್ಲ, ನಾಳೆಯಿಂದಲೇ ಊರಾಚೆಯ ಗೋದಾಮಿನಲ್ಲಿ ಶುರು ಮಾಡಿ ಎಂದ. ಮೇಸ್ತ್ರಿಯ ಕಿವಿ ನೆಟ್ಟಗಾಯಿತು. ‘ಬೆಣ್ಣೆ ಹಚ್ಚೋದಾದ್ರೆ ಗಂಟಲಿಗೆ ಹಚ್ಚಪ್ಪ, ಅಲ್ಲಿ ನೋವಿದೆ’ ಎಂದು ಕಳಿಸಿದ. ಅವನು ಹೋದ ಮೇಲೆ ಕೂತ ಕುರ್ಚಿಯನ್ನೂ ಒಮ್ಮೆ ತಿರುಗಿಸಿ ನೋಡಿದ.

ಹೇಳಿಕೆಯ ದಿನ ಮನೆಯ ಮುಂದಿನ ಕೋಣೆ ಕೋರ್ಟಾಯಿತು. ಅವನೇ ಮಾಡಿದ ಮೇಜು ನಡುವೆ, ಒಂದು ಕಡೆ ಕಮಿಷನರ್ ಅಮ್ಮ, ಅತ್ತಿತ್ತ ಇಬ್ಬರು ವಕೀಲರು. ರಟ್ಟಕ್ಕ ಗೋಡೆಗೆ ಒರಗಿ ಕೂತಳು. ಹೆಂಡತಿ ಎಲ್ಲರಿಗೂ ನೀರು ತಂದಿಟ್ಟಳು. ಎದುರು ವಕೀಲರು ಮುಟ್ಟಿದ ಲೋಟದ ಪಕ್ಕದ್ದನ್ನು ಮೇಸ್ತ್ರಿ ಮುಟ್ಟಲಿಲ್ಲ. ಮೊದಲ ಮಾತಾಗಿ ಒಂದು ಕರಾರು ಹಾಕಿದ.

‘ನನ್ನ ಬಾಯಿಂದ ಹೇಗೆ ಬರುತ್ತೋ ಹಾಗೇ ಬರೀಬೇಕು. ನಿಮ್ಮ ಕೋರ್ಟಿನ ಭಾಷೆಗೆ ತಿರುಗಿಸೋ ಹಾಗಿಲ್ಲ. ಒಂದು ಅಕ್ಷರ ಆಚೆ ಈಚೆ ಆದ್ರೂ ನಾನು ಸಹಿ ಹಾಕಲ್ಲ.’

‘ಸ್ವಲ್ಪ ಬಿಡಿಸಿ ಬರೆದರೆ ಓದೋವ್ರಿಗೆ ಅನುಕೂಲ’ ಎಂದರು ಕಮಿಷನರ್.

‘ಬಿಡಿಸೋದೇ ಬೇಡ. ಬಿಡಿಸೋಕೆ ಹೋಗಿ ಏನೇನು ಸೇರಿಸ್ತೀರೋ!’

ಆ ಅಮ್ಮ ನಿಟ್ಟುಸಿರು ಬಿಟ್ಟು, ಸರಿ, ಹಾಗೇ ಬರೆಯುತ್ತೇನೆ ಎಂದರು. ಹಾಗೇ ಬರೆದರು.

ರಟ್ಟಕ್ಕನ ವಕೀಲರು ಕೇಳಿದರು. ಮೇಸ್ತ್ರಿ ಒಡಕು ದನಿಯಲ್ಲಿ ಹೇಳಿದ: ‘ಆ ಸಂದಿಯ ಬಾಗಿಲು ಹಾಕಿದವನು ನಾನೇ. ದೊಡ್ಡಮ್ಮ ಹೇಳಿದ್ರು, ಹಾಕ್ದೆ. ಅವರೇ ಎದುರಿಗೆ ನಿಂತಿದ್ರು.’ ಗಂಟಲು ಉರಿಯುತ್ತಿತ್ತು, ಮಾತು ಚುಟುಕಾಗಿ ಬಂತು. ವಕೀಲರಿಗೆ ಅಷ್ಟೇ ಸಾಕಾಯಿತು, ಖುಷಿಯಿಂದ ಕೂತರು.

ಎದುರು ವಕೀಲರು ಮೆತ್ತಗೆ ಮಾತಾಡುವ ಮನುಷ್ಯ. ‘ಮೇಸ್ತ್ರಿಗಳೇ, ಬಾಗಿಲು ಹಾಕಿದ್ದು ನೀವೇ ತಾನೇ?’

‘ನಾನೇ. ಎಷ್ಟು ಸಲ ಹೇಳ್ಬೇಕು?’

‘ಆಮೇಲೆ ಯಾರಾದ್ರೂ ಅದನ್ನ ತೆಗೆದಿದ್ದು ಉಂಟಾ?’

ಮೇಸ್ತ್ರಿಗೆ ರೇಗಿತು. ತಾನು ಕೂರಿಸಿದ ಬಾಗಿಲನ್ನು ಕಿತ್ತು ಬೇರೆ ಕೂರಿಸಿದ್ದಾರೆ ಎಂದು ಸಾಧಿಸುವ ಹುನ್ನಾರ ಇದು ಎಂದು ಅವನಿಗೆ ಕಂಡಿತು. ‘ಇವತ್ತಿನವರೆಗೂ ಯಾರೂ ತೆಗೆದಿಲ್ಲ! ನಾನು ಹಾಕಿದ ಬಾಗಿಲು ತೆಗೆಯೋ ಧೈರ್ಯ ಯಾರಿಗಿದೆ?’

‘ಅಷ್ಟೇ, ನನ್ನದೇನೂ ಇಲ್ಲ’ ಎಂದು ಅವರು ಪೆನ್ನಿಗೆ ಮುಚ್ಚಳ ಹಾಕಿದರು.

ಕಮಿಷನರ್ ಎಲ್ಲವನ್ನೂ ಓದಿ ಹೇಳಿದರು. ಮೇಸ್ತ್ರಿ ಕಣ್ಣು ಮುಚ್ಚಿ, ಮರ ತಟ್ಟಿ ನೋಡುವವನ ಹಾಗೆ ಒಂದೊಂದು ಮಾತನ್ನೂ ಕೇಳಿದ. ಎಳ್ಳಷ್ಟೂ ವ್ಯತ್ಯಾಸ ಇರಲಿಲ್ಲ. ಸಹಿ ಮಾಡಿದ.

ಎಲ್ಲರೂ ಹೊರಟ ಮೇಲೆ ಕಿಟಕಿಯ ಬಳಿ ನಿಂತು ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ರಟ್ಟಕ್ಕನ ವಕೀಲರು ಮೆಟ್ಟಿಲಿಳಿಯುತ್ತಾ ನಗುತ್ತಿದ್ದರು. ಅದು ಸರಿಯೇ. ಆದರೆ ಎದುರು ವಕೀಲರೂ ನಗುತ್ತಿದ್ದರು. ಫೋನಿನಲ್ಲಿ ಯಾರಿಗೋ ಏನೋ ಹೇಳಿ, ಇನ್ನೊಮ್ಮೆ ನಕ್ಕರು. ಒಂದೇ ಮಾತಿಗೆ ಇಬ್ಬರು ವಕೀಲರೂ ಖುಷಿಪಟ್ಟರೆ ಎಲ್ಲೋ ಏನೋ ಎಡವಟ್ಟಾಗಿದೆ.

ಇಡೀ ಸಂಜೆ ಯೋಚಿಸಿದ. ಕಾಗದ ಬದಲಾಯಿಸಿರಬಹುದೇ? ಓದುವಾಗ ಒಂದು, ಬರೆದದ್ದು ಇನ್ನೊಂದೇ? ಕಮಿಷನರ್ ಅಮ್ಮ ಆ ಕಡೆಯವರೇ? ರಟ್ಟಕ್ಕನೇ ರಾಜಿ ಮಾಡಿಕೊಂಡು ತನ್ನನ್ನು ಹಳ್ಳಕ್ಕೆ ತಳ್ಳಿದಳೇ? ಒಬ್ಬೊಬ್ಬರನ್ನೇ ಮನಸ್ಸಿನಲ್ಲಿ ಕಟಕಟೆಗೆ ಹತ್ತಿಸಿ ಇಳಿಸಿದ. ಯಾರ ಮೇಲೂ ಏನೂ ಸಿಗಲಿಲ್ಲ. ಹೊರಗೆ ಜಗಲಿಯಲ್ಲಿ ಹೀಗೆ ಕೂತಿದ್ದವನಿಗೆ ಒಳಗಿಂದ ಹೆಂಡತಿ ಕೂಗಿದಳು.

‘ರೀ, ಸೊಳ್ಳೆ ಬರ್ತಾವೆ, ಬಾಗಿಲು ಹಾಕ್ಕೊಂಡು ಬನ್ನಿ ಒಳಗೆ!’

ಅವನು ಎದ್ದು ಒಳಗೆ ಬಂದು, ಬಾಗಿಲಿಗೆ ಕೈ ಇಟ್ಟ. ಅಲ್ಲೇ ನಿಂತ.

ಬಾಗಿಲು ಹಾಕು. ಜಗತ್ತಿಗೆಲ್ಲ ಹಾಕು ಎಂದರೆ ಮುಚ್ಚು ಎಂದೇ ಅರ್ಥ. ಬಡಗಿಗೆ ಮಾತ್ರ ಹಾಕುವುದು ಎಂದರೆ ಇಲ್ಲದ ಕಡೆ ಒಂದು ಬಾಗಿಲು ಬರುವುದು. ತೆಗೆ ಎಂದರೆ ಎಲ್ಲರೂ ತೆರೆಯುತ್ತಾರೆ; ಅವನಿಗೆ ಮಾತ್ರ ಅದು ಕೀಳುವುದು. ಸಂದಿಯ ಬಾಗಿಲು ಹಾಕಿದವನು ನಾನೇ, ದೊಡ್ಡಮ್ಮನೇ ಹಾಕಿಸಿದರು, ಇವತ್ತಿನವರೆಗೂ ಯಾರೂ ತೆಗೆದಿಲ್ಲ. ಓದಿದವರಿಗೆ ಇದರ ಅರ್ಥ: ದೊಡ್ಡಮ್ಮ ನಿಂತು ಬಾಗಿಲು ಮುಚ್ಚಿಸಿದರು, ಅಂದಿನಿಂದ ಅದನ್ನು ಯಾರೂ ತೆರೆದೇ ಇಲ್ಲ. ರಟ್ಟಕ್ಕನ ಕಾರ್ಖಾನೆಗೆ ಗೋಡೆ ಕಟ್ಟಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ? ಅದೂ ಅಕ್ಷರ ಬದಲಾಗದಂತೆ ತಾನೇ ಕಾವಲು ಕೂತು ಬರೆಸಿದ್ದು.

‘ಏನಾಯ್ತ್ರೀ?’ ಎಂದು ಹೆಂಡತಿ ಓಡಿ ಬಂದಳು.

‘ಹಾಳಾಗಿ ಹೋಯ್ತು’ ಎಂದ. ಚಪ್ಪಲಿ ಅದಲುಬದಲಾಗಿ ಮೆಟ್ಟಿಕೊಂಡು ರಟ್ಟಕ್ಕನ ಕಾರ್ಖಾನೆಗೆ ಓಡಿದ.

ಅವಳು ಗೋಂದಿನ ಕೈಯಲ್ಲೇ ಕೇಳಿದಳು. ಮೊದಲು ನಕ್ಕಳು. ನಗು ಅರ್ಧಕ್ಕೆ ನಿಂತು ಮುಖ ಬಿಳಿಚಿಕೊಂಡಿತು. ನಕಲು ಪ್ರತಿ ತೆಗೆಸಿ ಗಟ್ಟಿಯಾಗಿ ಓದಿದಳು, ಒಮ್ಮೆ ಅವನ ಅರ್ಥದಲ್ಲಿ, ಒಮ್ಮೆ ಅವರ ಅರ್ಥದಲ್ಲಿ. ಎರಡೂ ಚೆನ್ನಾಗಿಯೇ ಕೂಡುತ್ತಿದ್ದವು. ಅವಳ ವಕೀಲರು ಹಣೆ ಚಚ್ಚಿಕೊಂಡರು. ಬಾಗಿಲು ಮಾಡಿದವನು ಇವನು ಎಂದು ಮೊದಲೇ ಗೊತ್ತಿದ್ದರಿಂದ ಅವರ ಕಿವಿಗೆ ಬೇರೆ ಅರ್ಥ ಹೊಳೆದೇ ಇರಲಿಲ್ಲ. ಮತ್ತೆ ಅರ್ಜಿ ಹೋಯಿತು. ಎದುರು ಕಡೆಯವರು ಕಾಲು ಕೆರೆದು ಜಗಳ ತೆಗೆದರು. ಸಾಕ್ಷಿಯನ್ನು ಇನ್ನೊಮ್ಮೆ ಕೇಳಬಹುದು ಎಂಬ ಆದೇಶ ಕೈಗೆ ಬರುವಷ್ಟರಲ್ಲಿ ಮೇಸ್ತ್ರಿಯನ್ನು ಆಸ್ಪತ್ರೆಗೆ ಸೇರಿಸಿ ಆಗಿತ್ತು.

ಹೀಗಾಗಿ ಆಪರೇಷನ್ನಿನ ದಿನ ಬೆಳಿಗ್ಗೆ ವಾರ್ಡಿನ ಮಂಚದ ಸುತ್ತ ಪರದೆ ಎಳೆದು ಕೋರ್ಟು ಕೂತಿತು. ಡಾಕ್ಟರು ಗೊಣಗುತ್ತಲೇ ಸ್ವಲ್ಪ ಹೊತ್ತು ಕೊಟ್ಟರು. ಮೇಸ್ತ್ರಿಯ ದನಿ ಈಗ ಉಸಿರಿನಷ್ಟೇ ಇತ್ತು. ರಟ್ಟಕ್ಕ ಮಂಚದ ಕಾಲಬದಿಯಲ್ಲಿ ನಿಂತಿದ್ದಳು. ಹೆಂಡತಿ ಮಂಚ ಬಿಟ್ಟು ಕದಲಲಿಲ್ಲ.

‘ಅಮ್ಮಾ, ನೀವು ಹೊರಗಿರಬೇಕು’ ಎಂದರು ಕಮಿಷನರ್, ಬೇಸರದಿಂದಲೇ.

ಅವಳು ಗಂಡನ ಕಡೆ ತಿರುಗಿ, ‘ಎಲ್ಲಾನೂ ಆ ಬಾಗಿಲಿಗೇ ಖರ್ಚು ಮಾಡ್ಬೇಡಿ’ ಎಂದು ಹೇಳಿ ಪರದೆಯ ಆಚೆ ಹೋದಳು.

ಎದುರು ವಕೀಲರ ಮೆತ್ತನೆಯ ದನಿಗೆ ಈಗ ಮೊನೆ ಬಂದಿತ್ತು. ‘ಅವತ್ತು ಒಂದು ಹೇಳಿದ್ರಿ, ಇವತ್ತು ಇನ್ನೊಂದು ಹೇಳೋಕೆ ಹೊರಟಿದ್ದೀರಿ. ಮಧ್ಯೆ ಯಾರನ್ನ ನೋಡಿದ್ರಿ?’

‘ರಟ್ಟಕ್ಕನ್ನ.’

‘ಅವರು ಹೇಳಿಕೊಟ್ರಾ?’

‘ಇಲ್ಲ. ಅವಳಿಗೆ ಹೇಳಿದ್ದೇ ನಾನು.’

‘ಹಾಗಾದ್ರೆ ನಿಮಗೆ ಹೇಳಿಕೊಟ್ಟವರು ಯಾರು?’

‘ನನ್ನ ಹೆಂಡ್ತಿ.’

ರಟ್ಟಕ್ಕನ ವಕೀಲರು ಕಣ್ಣು ಮುಚ್ಚಿಕೊಂಡರು. ‘ಏನಂತ ಹೇಳಿಕೊಟ್ರು?’ ಎಂದರು ಎದುರು ವಕೀಲರು, ಗಾಳಕ್ಕೆ ಮೀನು ಬಿತ್ತೆಂಬ ಹಾಗೆ.

‘ಸೊಳ್ಳೆ ಬರ್ತಾವೆ, ಬಾಗಿಲು ಹಾಕು ಅಂದ್ಲು.’

ಪಕ್ಕದ ಮಂಚದ ರೋಗಿಯೊಬ್ಬ ಪರದೆಯಾಚೆ ಕಿಸಕ್ಕೆಂದು ನಕ್ಕ. ಎದುರು ವಕೀಲರು ನಗಲಿಲ್ಲ. ‘ಅಂದ್ರೆ ನಿಮ್ಮ ಮನೇಲೂ ಹಾಕೋದು ಅಂದ್ರೆ ಮುಚ್ಚೋದೇ!’

‘ಮನೇಲಿ ಅವಳ ಮಾತು ನಡೆಯುತ್ತೆ, ಕೆಲಸದಲ್ಲಿ ನನ್ನ ಮಾತು’ ಎಂದ ಮೇಸ್ತ್ರಿ. ಹೇಳಿ ಸುತ್ತಲೂ ನೋಡಿದ. ಎಲ್ಲರೂ ಅವನನ್ನೇ ನೋಡುತ್ತಿದ್ದರು, ಕಮಿಷನರ್ ಅಮ್ಮನೂ. ಆ ನೋಟ ಅವನಿಗೆ ಚೆನ್ನಾಗಿ ಗೊತ್ತಿತ್ತು. ಜೀವಮಾನವಿಡೀ ಅದನ್ನು ಬೇರೆಯವರ ಮೇಲೆ ಹಾಯಿಸಿದವನು ಅವನು. ಅದು ತನ್ನ ಮೇಲೆ ಬಿದ್ದಾಗ ಎಷ್ಟು ಉರಿಯುತ್ತದೆ ಎಂದು ಅವತ್ತೇ ತಿಳಿದದ್ದು. ಸತ್ಯ ಹೇಳುತ್ತಿದ್ದೇನೆ ಎಂದು ಕೂಗಬೇಕೆನಿಸಿತು. ಕೂಗಲು ದನಿ ಇರಲಿಲ್ಲ.

ಕಮಿಷನರ್ ಹಾಳೆ ತಿರುಗಿಸಿದರು. ‘ಮೇಸ್ತ್ರಿಗಳೇ, ಹಾಕು, ತೆಗೆ, ಈ ಎರಡು ಮಾತು ಬಿಟ್ಟು ಹೇಳಿ ನೋಡೋಣ.’

ಅವನು ಬಾಯಿ ತೆರೆದ, ಮುಚ್ಚಿದ. ಇಡೀ ಕಸುಬು ಆ ಎರಡು ಮಾತಿನ ಮೇಲೆ ನಡೆದಿತ್ತು. ಒಂದೊಂದೇ ಮಾತನ್ನು ಹುಡುಕಿ, ಒಂದೊಂದಕ್ಕೂ ನೋವು ನುಂಗಿ ಹೇಳಿದ.

‘ಅಲ್ಲಿ ಬರೀ ಗೋಡೆ ಇತ್ತು. ಒಡೆದೆ. ಚೌಕಟ್ಟು ನಿಲ್ಲಿಸಿದೆ. ಹಲಗೆ ಜೋಡಿಸಿ ಕೀಲು ಬಡಿದೆ. ದೊಡ್ಡಮ್ಮ ರಟ್ಟಕ್ಕನ ಮಾವನಿಗೆ, ಇನ್ನು ಮೇಲೆ ಇದು ನಿಮ್ಮ ದಾರಿ, ಯಾರನ್ನೂ ಕೇಳಬೇಡಿ ಅಂದ್ರು. ಈ ಕಿವೀಲಿ ಕೇಳಿದೀನಿ. ಅವತ್ತಿನಿಂದ ಜನ ಅಲ್ಲೇ ಓಡಾಡ್ತಿದಾರೆ. ಗಾಡಿ ಹೋಗುತ್ತೆ. ನಾನೂ ಹೋಗಿದೀನಿ.’

‘ಇದನ್ನ ನಾವು ಯಾಕೆ ನಂಬಬೇಕು?’ ಎಂದರು ಎದುರು ವಕೀಲರು.

‘ನಂಬಬೇಡಿ’ ಎಂದ ಮೇಸ್ತ್ರಿ. ‘ನಾನಾಗಿದ್ರೂ ನಂಬ್ತಿರಲಿಲ್ಲ. ಹೋಗಿ ಹೊಸ್ತಿಲು ನೋಡಿ. ನಡುವೆ ಸವೆದು ತಗ್ಗಾಗಿದೆ. ಯಾರೂ ದಾಟದ ಹೊಸ್ತಿಲು ಸವೆಯುತ್ತಾ?’

ಕೊನೆಯ ಮಾತು ಅರ್ಧ ಗಾಳಿಯಾಗಿ ಬಂತು. ಕಮಿಷನರ್ ಬಗ್ಗಿ, ಅವನ ತುಟಿಯ ಹತ್ತಿರ ಕಿವಿಯಿಟ್ಟು, ಇನ್ನೊಮ್ಮೆ ಹೇಳಿಸಿ ಬರೆದುಕೊಂಡರು. ಓದಿ ಹೇಳಿದಾಗ ಅವನು ತಲೆಯಾಡಿಸಿ ಸಹಿ ಮಾಡಿದ. ದಾವೆಯ ಕತೆಯನ್ನು ಇಲ್ಲೇ ಹೇಳಿ ಮುಗಿಸಬಹುದು: ತಡವಾಗಿಯಾದರೂ ಕೋರ್ಟಿನವರು ಸಂದಿಗೆ ಬಂದರು, ಬಗ್ಗಿ ಹೊಸ್ತಿಲು ನೋಡಿದರು, ಎರಡೂ ಹೇಳಿಕೆಗಳನ್ನು ಪಕ್ಕಪಕ್ಕ ಇಟ್ಟು ಓದಿದರು. ಗೋಡೆ ಏಳಲಿಲ್ಲ. ರಟ್ಟಕ್ಕನ ಕಾಗದದ ಗಾಡಿ ಈಗಲೂ ಆ ದಾರಿಯಲ್ಲೇ ಹೋಗುತ್ತದೆ.

ಆದರೆ ಆ ಬೆಳಿಗ್ಗೆ ಇದೆಲ್ಲ ಯಾರಿಗೆ ಗೊತ್ತಿತ್ತು? ವಕೀಲರು ಹೋದರು, ರಟ್ಟಕ್ಕ ಮಂಚದ ಕಂಬಿ ಹಿಡಿದು ಒಂದು ಕ್ಷಣ ನಿಂತು ಹೋದಳು. ಪರದೆ ಸರಿಸಿ ಹೆಂಡತಿ ಬಂದಳು. ಅವಳ ಹಿಂದೆಯೇ ತಳ್ಳುಮಂಚ ಹಿಡಿದ ನರ್ಸ್ ಬಂದಳು.

ಮೇಸ್ತ್ರಿಗೆ ಭಯವಾಯಿತು. ಅವಳಿಗೆ ಹೇಳಬೇಕಾದದ್ದು ಒಂದಿತ್ತು. ಎಷ್ಟೋ ವರ್ಷಗಳಿಂದ ಇತ್ತು. ನಿನ್ನ ಪ್ರತಿಯೊಂದು ಮಾತನ್ನೂ ತಟ್ಟಿ ನೋಡಿದೆ, ಒಂದೂ ಪೊಳ್ಳಾಗಿರಲಿಲ್ಲ, ಅದು ನನಗೆ ಮೊದಲಿಂದ ಗೊತ್ತಿತ್ತು. ಇಷ್ಟೇ. ಇದನ್ನು ಹೇಳಲು ಸಮಯ ಬರುತ್ತದೆ ಎಂದು ಮುಂದೂಡುತ್ತಾ ಬಂದಿದ್ದ. ಬಾಯಿ ತೆರೆದ. ಗಾಳಿ ಬಂತು, ಮಾತು ಬರಲಿಲ್ಲ. ಇನ್ನೊಮ್ಮೆ ಹೆಣಗಿದ. ಕಣ್ಣಲ್ಲಿ ನೀರು ಬಂತು.

ಹೆಂಡತಿ ಅವನ ಬಾಯಿಯ ಮೇಲೆ ಕೈ ಇಟ್ಟಳು. ‘ಬಿಡಿ, ನೀವೇನು ಹೇಳ್ಬೇಕು ಅಂತಿದೀರೋ ನನಗೆ ಗೊತ್ತು.’

ಏನು ಗೊತ್ತು? ಹೇಗೆ ಗೊತ್ತು? ಬೇರೇನೋ ಅಂದುಕೊಂಡಿದ್ದರೆ? ಅದೇ ಮಾತು ಎಂದು ಖಾತ್ರಿ ಏನು? ಪ್ರಶ್ನೆಗಳೆಲ್ಲ ಒಟ್ಟಿಗೆ ಗಂಟಲಿಗೆ ಬಂದು ಅಲ್ಲೇ ನಿಂತವು. ಕೇಳುವ ದಾರಿಯೇ ಇರಲಿಲ್ಲ. ನರ್ಸ್ ತಳ್ಳುಮಂಚವನ್ನು ಹತ್ತಿರ ತಂದಳು. ಮೇಸ್ತ್ರಿ ಹೆಂಡತಿಯ ಮುಖವನ್ನು ಬಹಳ ಹೊತ್ತು ನೋಡಿದ. ಆಮೇಲೆ ನಂಬಿದ.